ಮೇ ತಿಂಗಳಿನ ದೇವಕ್ಕ

“ಯಾವ ಬೋಳಿಮಗ ಹೇಳ್ದಾ ಇವ್ರಿಗೆಲ್ಲ, ಮದುವೆಗೆ ಹೊರಟ ಹಾಂಗೆ ಸಿಂಗಾರ ಮಾಡ್ಕಂಡು ನಿಲ್ಲಿ ಅಂತ?”

ಜೀಪಿನಿಂದ ಇಳಿದವರೇ ನಮ್ಮ ನೆರವಿನ ಸಂಸ್ಥೆಯ ಮುಖ್ಯಸ್ಥ ಕಮಲಾಕರ ಹೆಗಡೆಯವರು ನನ್ನ ಮೇಲೆ ಹರಿಹಾಯ್ದರು. ಯಾರೂ ಹೇಳಿರಲಿಲ್ಲ. ಸಂಸ್ಥೆಯವರು ಫೋಟೋ ತೆಗೆಯಲು ಬರುತ್ತಾರೆ ಎಂದಷ್ಟೇ ನಾನು ಹಿಂದಿನ ದಿನ ಮನೆಮನೆಗೆ ಹೋಗಿ ಹೇಳಿದ್ದೆ. ಫೋಟೋ ಎಂದಮೇಲೆ ನಮ್ಮ ಸಿದ್ದಿ ಕೇರಿಯಲ್ಲಿ ಇನ್ನೇನು ಮಾಡುತ್ತಾರೆ? ಮಿಂದರು, ಟ್ರಂಕಿನ ತಳದಿಂದ ಧಾರೆ ಸೀರೆ ತೆಗೆದು ಉಟ್ಟರು. ನನ್ನ ದೊಡ್ಡವ್ವನ ಮಗಳು ದೇವಕ್ಕ ತನ್ನ ನಾಲ್ಕು ವರ್ಷದ ಮಗಳು ದ್ಯಾವಿಗೆ ಯಲ್ಲಾಪುರದ ಸಂತೆಯಲ್ಲಿ ಕೊಂಡಿದ್ದ ಕೆಂಪು ಫ್ರಾಕು ಹಾಕಿ, ಗುಂಗುರು ಕೂದಲಿಗೆ ಎಣ್ಣೆ ಬಳಿದು, ಅಬ್ಬಲಿಗೆ ಹೂ ಸಿಕ್ಕಿಸಿದ್ದಳು. ಮಗು ಇದ್ದಷ್ಟು ಹಲ್ಲು ತೋರಿಸಿ ನಗುತ್ತಿತ್ತು.

“ಇದನ್ನ ನೋಡಿ ಯಾರಾದ್ರೂ ಒಂದು ಹಂಚು ಕೊಡ್ತ್ರನಾ? ಹರಕು ಬಟ್ಟೆ ಹಾಕ್ಸು. ಆ ಹೂವು ಕಿತ್ತು ಬಿಸಾಡು. ನಗೂದು ಬ್ಯಾಡ ಅನ್ನು.”

ಕ್ಯಾಮೆರಾದವನು ಸಿಗರೇಟು ಹಚ್ಚಿಕೊಂಡು ಕಾಯುತ್ತಿದ್ದ. ದೇವಕ್ಕ ನನ್ನ ಮುಖ ನೋಡಿದಳು. “ಎಂತಕ್ಕಾ ತಮಾ? ಚಂದ ಕಾಣಬಾರ್ದನಾ ನಾವು?”

“ಹಾಂಗೇ ಬೇಕಂತೆ ಅಕ್ಕಾ. ಹಾಂಗಾದ್ರೆ ಮನೆಗೆ ಹಂಚು ಬರ್ತದೆ.”

ಅವಳು ಹಳೇ ಸೀರೆ ಉಟ್ಟು, ಮಗುವಿಗೆ ತೂತುಬಿದ್ದ ಅಂಗಿ ತೊಡಿಸಿ ಬಂದಳು. ಆದರೆ ಕೂದಲಿನ ಎಣ್ಣೆ ಹೊಳೆಯುತ್ತಿತ್ತು. ಹೆಗಡೆಯವರು ನನ್ನತ್ತ ಕಣ್ಣು ಬಿಟ್ಟರು. ನಾನು ಬಗ್ಗಿ ಎರಡು ಮುಷ್ಟಿ ಮಣ್ಣು ತೆಗೆದು ದ್ಯಾವಿಯ ತಲೆಗೆ ಹಾಕಿ ತಿಕ್ಕಿದೆ. ಕೆನ್ನೆಗೂ ಬಳಿದೆ. “ಕೈ ಜೋಲು ಬಿಡು ಪುಟ್ಟಿ, ನೆಲ ನೋಡು, ನಗಬ್ಯಾಡ” ಎಂದು ಹೇಳಿಕೊಟ್ಟೆ. ಮಾಮನ ಮಾತಲ್ಲವೆ, ಮಗು ಹಾಗೇ ನಿಂತಿತು. ನನಗೆ ಸಂಸ್ಥೆಯ ಕೆಲಸ ಸಿಕ್ಕಿ ಆಗ ಮೂರು ತಿಂಗಳಾಗಿತ್ತು, ಅವರು ಕೊಟ್ಟ ಸೈಕಲ್ಲಿನ ಮೇಲಿನ ಪ್ಲಾಸ್ಟಿಕ್ಕನ್ನು ನಾನಿನ್ನೂ ತೆಗೆದಿರಲಿಲ್ಲ.

ಅದು ತೊಂಬತ್ತೆಂಟನೇ ಇಸವಿ.

ಸಂಸ್ಥೆ ಇಪ್ಪತ್ತು ದೇಶಗಳಲ್ಲಿ ಕೆಲಸ ಮಾಡುತ್ತದೆ ಎಂದು ಶಿರಸಿಯ ಆಫೀಸಿನ ಗೋಡೆಯ ಮೇಲೆ ಬರೆದಿತ್ತು. ಎಲ್ಲೋ ಗಂಜಿ, ಎಲ್ಲೋ ಬಾವಿ, ನಮ್ಮಲ್ಲಿ ಹುಲ್ಲಿನ ಮಾಡು ತೆಗೆದು ಹಂಚು ಹೊದಿಸುವುದು. ಕೇರಿಯ ಹನ್ನೆರಡು ಮನೆಗಳ ಪಟ್ಟಿಯನ್ನು ನಾನೇ ಬರೆದಿದ್ದೆ. ಗಂಡ ಮರ ಬಿದ್ದು ಸತ್ತಮೇಲೆ ಒಬ್ಬಳೇ ಕೂಲಿಗೆ ಹೋಗಿ ಮಗು ಸಾಕುತ್ತಿದ್ದ ದೇವಕ್ಕನ ಹೆಸರನ್ನು ಮೊದಲು ಹಾಕಿದ್ದೆ. ಮಳೆಗಾಲದಲ್ಲಿ ಅವಳ ಮನೆಯೊಳಗೆ ಮಗುವನ್ನು ಮಲಗಿಸಲು ಒಣಗಿದ ಜಾಗವೇ ಇರುತ್ತಿರಲಿಲ್ಲ.

ಮರುವರ್ಷ ಹೊಸ ಕ್ಯಾಲೆಂಡರಿನ ಕಟ್ಟು ಹೊರದೇಶದಿಂದ ಬಂತು. ಕಟ್ಟು ಬಿಚ್ಚಿದವನು ನಾನು. ತಿಂಗಳಿಗೊಂದು ಫೋಟೋ, ಒಂದೊಂದಕ್ಕೂ ಒಂದೊಂದು ದೇಶದ ಹೆಸರು. ಮೇ ತಿಂಗಳಿನಲ್ಲಿ ದೇವಕ್ಕ ಇದ್ದಳು. ಪಕ್ಕದಲ್ಲಿ ದ್ಯಾವಿ, ತಲೆಯಲ್ಲಿ ನಾನು ಹಾಕಿದ ಮಣ್ಣು. ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆಮೇಲೆ ಕೆಳಗಿನ ಅಕ್ಷರಗಳನ್ನು ಬೆರಳಿಟ್ಟು ಕೂಡಿಸಿ ಓದಿದೆ. ಬರಗಾಲ, ಸುಡಾನ್. ಕಾಳು ತಲುಪುವ ಮೊದಲೇ ಈ ಮಗು ಸತ್ತುಹೋಯಿತು. ಹತ್ತನೇ ಇಯತ್ತೆ ಓದಿದವನಿಗೆ ಅಷ್ಟು ಇಂಗ್ಲಿಷ್ ತಿಳಿಯುತ್ತದೆ.

ಹೆಗಡೆಯವರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, ಬಾಗಿಲು ಮುಂದೆ ಮಾಡಿದರು.

“ಅಲ್ಲಿ ಯಾರೋ ಫೋಟೋ ಅದಲುಬದಲು ಮಾಡಿದ್ರು ಕಾಣ್ತದೆ. ನಿಮ್ಮ ಸಿದ್ದಿಗಳದ್ದೂ ಮೂಲ ಆಫ್ರಿಕಾ ಕಡೆದೇ ಅಲ್ದನಾ? ಅವ್ರಿಗೆ ಎಲ್ಲ ಒಂದೇ ನಮೂನಿ ಕಂಡಿರ್ತು.”

“ಮಗು ಜೀವ ಇದೆಯಲ್ಲ ಸಾರ್.”

“ಇರ್ಲಿ, ಬ್ಯಾಡ ಅಂದವ್ರು ಯಾರಾ? ಈ ಫೋಟೋ ನೋಡಿ ಎಷ್ಟು ಜನ ಅತ್ತು ದುಡ್ಡು ಕೊಡ್ತ್ರು ಗೊತ್ತಿದ್ದನಾ? ಅಲ್ಲಿ ಹಸಿದವ್ರ ಹೊಟ್ಟೆಗೆ ಹೋಗ್ತು. ಅದು ಪಾಪದ ಕೆಲಸವನಾ?” ಎಂದು ನನ್ನ ಪಟ್ಟಿ ಎಳೆದುಕೊಂಡು ದೇವಕ್ಕನ ಹೆಸರಿನ ಮೇಲೆ ಗೀಟು ಹಾಕಿದರು. “ಇವ್ಳು ನಮ್ಮ ಪಟ್ಟಿಲಿ ಇರ್ಲಾಗ. ಮನೆ ಕಟ್ಟಿದ್ರೆ ಮತ್ತೆ ಫೋಟೋ ಕಳಿಸಕಾಗ್ತು. ಸತ್ತ ಮಗು ಹಂಚಿನ ಮನೆ ಮುಂದೆ ನಿಂತ್ರೆ ಹ್ಯಾಂಗೆ? ನಿನ್ನ ಕೆಲಸಾನೂ ಹೋಗ್ತು, ನೆನಪಿರ್ಲಿ.”

ನೆನಪಿಟ್ಟುಕೊಂಡೆ. ಮೇ ತಿಂಗಳಿನ ಹಾಳೆಯೊಂದನ್ನು ಹರಿದು ಮಡಚಿ ಚೀಲದಲ್ಲಿಟ್ಟುಕೊಂಡು, ಏನೂ ಗೊತ್ತಿಲ್ಲದವನಂತೆ ಕೇರಿಗೆ ಬಂದೆ. ಅವಳ ಫೋಟೋದಿಂದ ಎಲ್ಲಿಯದೋ ಊರಿನ ಒಲೆ ಉರಿಯುತ್ತದೆ, ಒಳ್ಳೆಯದೇ. ಆದರೆ ಆ ಫೋಟೋ ತೆಗೆಸಿಕೊಂಡ ತಪ್ಪಿಗೆ ಅವಳೊಬ್ಬಳ ಮನೆಗೆ ಹಂಚು ಇಲ್ಲ. ಇದನ್ನು ಅವಳಿಗೆ ಯಾವ ಬಾಯಲ್ಲಿ ಹೇಳಲಿ?

ಹನ್ನೊಂದು ಮನೆಗೆ ಹಂಚು ಏರಿತು. ದೇವಕ್ಕ ಎಲ್ಲರ ಮನೆಗೂ ಹಂಚು ಹೊತ್ತು ಕೊಟ್ಟಳು. ಪ್ರತಿ ಸಲವೂ ಕೇಳುತ್ತಿದ್ದಳು: “ನಂದು ಯಾವಾಗ ತಮಾ?”

“ಎರಡನೇ ಪಟ್ಟಿಲಿ ಅಕ್ಕಾ.”

“ಮಳೆಗಿಂತ ಮೊದ್ಲು ಬಂದ್ರೆ ಆತು” ಅನ್ನುತ್ತಿದ್ದಳು. ಎರಡನೇ ಪಟ್ಟಿ ಎನ್ನುವುದು ನನ್ನ ನಾಲಿಗೆಯ ಮೇಲೆ ಮಾತ್ರ ಇತ್ತು.

ಮೇ ಕೊನೆಗೆ ಹೊರದೇಶದಿಂದ ಸಂಸ್ಥೆಯ ಮೇಡಂ ಹಂಚಿನ ಮನೆ ನೋಡಲು ಬರುವುದು ಗೊತ್ತಾಯಿತು. “ಆ ತಾಯಿ ಮಗಳು ಅವತ್ತು ಕೇರಿಲಿ ಕಂಡ್ರೆ ನಿನ್ನ ಚರ್ಮ ಸುಲೀತಿ” ಎಂದರು ಹೆಗಡೆಯವರು. ನಾನು ದೇವಕ್ಕನ ಮನೆಗೆ ಹೋದೆ. ಆ ದಿನ ಯಲ್ಲಾಪುರದ ತಾಲೂಕು ಆಫೀಸಿನಲ್ಲಿ ಹಂಚಿನ ಚೀಟಿ ಕೊಡುತ್ತಾರೆ, ಮಗುವನ್ನೂ ಕರೆದುಕೊಂಡು ಹೋಗಬೇಕು ಎಂದೆ. ಅವಳು ನನ್ನ ಕೈಗೆ ಬೆಲ್ಲದ ತುಂಡು ಕೊಟ್ಟಳು. ಅದನ್ನು ತಿಂದೆ ಕೂಡ.

ಮೇಡಂ ಬಂದರು. ಒಳ್ಳೆಯವರಂತೆ ಕಂಡರು, ಬಿಸಿಲಿಗೆ ಮುಖ ಕೆಂಪಾಗಿತ್ತು. ಕುತ್ತಿಗೆಯಲ್ಲಿ ಕ್ಯಾಮೆರಾ. ಹೆಗಡೆಯವರು ಇಂಗ್ಲಿಷಿನಲ್ಲಿ ವಿವರಿಸುತ್ತ ಮನೆಯಿಂದ ಮನೆಗೆ ಕರೆದೊಯ್ಯುತ್ತಿದ್ದರು. ಎಂಟನೇ ಮನೆಯ ಹೊತ್ತಿಗೆ ಕಟ್ಟಿಗೆ ಲಾರಿಯೊಂದು ರಸ್ತೆಯಲ್ಲಿ ನಿಂತಿತು. ದೇವಕ್ಕ ಇಳಿದಳು. ಆಫೀಸಿಗೆ ಹೋಗುವುದೆಂದು ಧಾರೆ ಸೀರೆ ಉಟ್ಟಿದ್ದಳು. ದ್ಯಾವಿಗೆ ಅದೇ ಕೆಂಪು ಫ್ರಾಕು, ಈಗ ಮೊಣಕಾಲಿನ ಮೇಲಕ್ಕೆ ಬಂದಿತ್ತು. ತಲೆಯಲ್ಲಿ ಅಬ್ಬಲಿಗೆ.

ಅವಳು ಮೇಡಂ ಕಡೆ ನೋಡಲೇ ಇಲ್ಲ, ನೇರ ನನ್ನ ಹತ್ತಿರ ಬಂದಳು.

“ಯಾವ ಚೀಟಿನಾ ಸೂಳೆಮಗನೇ? ನಾಯಿ ಅಟ್ಟಿದ ಹಾಂಗೆ ಅಟ್ಟಿದ್ರು ಅಲ್ಲಿ. ಎಂತಕ್ಕೆ ಸುಳ್ಳು ಹೇಳ್ದೆ?”

ಮೇಡಂ ದ್ಯಾವಿಯನ್ನು ನೋಡಿ ನಕ್ಕರು. ಹೂ ಮುಡಿದ ಮಗು ಚಂದ ಕಂಡಿರಬೇಕು, ಕ್ಯಾಮೆರಾ ಎತ್ತಿದರು.

ಕ್ಯಾಮೆರಾ ಕಂಡದ್ದೇ ದ್ಯಾವಿ ಅವ್ವನ ಕೈ ಬಿಟ್ಟಿತು. ತಲೆಯ ಹೂ ಕಿತ್ತು ಅವ್ವನಿಗೆ ಕೊಟ್ಟಿತು. ಕೂತು, ಎರಡೂ ಮುಷ್ಟಿಯಲ್ಲಿ ಮಣ್ಣು ತೆಗೆದು ತಲೆಗೆ ಹಾಕಿಕೊಂಡು ತಿಕ್ಕಿಕೊಂಡಿತು. ಕೆನ್ನೆಗೂ ಬಳಿದುಕೊಂಡಿತು. ಆಮೇಲೆ ಎದ್ದು, ಕೈ ಜೋಲು ಬಿಟ್ಟು, ನೆಲ ನೋಡುತ್ತ ನಿಂತಿತು. ಒಂದೂ ಮರೆತಿರಲಿಲ್ಲ.

ಮೇಡಂ ಕ್ಯಾಮೆರಾ ಕೆಳಗಿಳಿಸಿ ಏನೋ ಕೇಳಿದರು. ಹೆಗಡೆಯವರು ನಗುತ್ತ “ಗೇಮ್, ಗೇಮ್” ಎಂದರು. ನನ್ನ ಕಡೆ ತಿರುಗಿ ಹಲ್ಲು ಕಚ್ಚಿ, “ಎಳ್ಕಂಡು ಹೋಗಾ ಇವ್ರನ್ನ, ಬೋಳಿಮಗನೇ” ಎಂದರು.

ನನ್ನ ಕೈ ಚೀಲದೊಳಗೆ ಹೋಯಿತು. ಮಡಚಿದಲ್ಲಿ ಸವೆದಿದ್ದ ಆ ಹಾಳೆಯನ್ನು ಬಿಡಿಸಿ ಮೇಡಂ ಕೈಗೆ ಕೊಟ್ಟೆ. “ಸೇಮ್ ಚೈಲ್ಡ್” ಎಂದೆ. “ನಾಟ್ ಡೈಡ್.” ನನ್ನ ಎದೆ ಮುಟ್ಟಿ ತೋರಿಸಿದೆ. “ಐ ಪುಟ್ ಮಡ್.” ಅಷ್ಟು ಹೇಳಲು ಬೇಕಾದ ಇಂಗ್ಲಿಷ್ ನನಗೆ ಯಾವತ್ತೂ ಬರುತ್ತಿತ್ತು.

ಮೇಡಂ ಹಾಳೆಯನ್ನೂ ಮಗುವನ್ನೂ ನೋಡಿದರು. ಹೆಗಡೆಯವರು ನನ್ನ ಅಂಗಿಯ ಕಾಲರು ಹಿಡಿದಿದ್ದರು. ದೇವಕ್ಕ ಅವರ ಕೈಯನ್ನು ತಳ್ಳಿ, ಹಾಳೆಗೆ ಕಣ್ಣು ಹಾಕಿದಳು.

“ಇದು ನಾವು. ಕೆಳಗೆ ಎಂತಾ ಬರ್ದದೆ?”

“ಮಗು ಸತ್ತುಹೋತು ಅಂತ ಅಕ್ಕಾ. ಹಸಿವೆಯಿಂದ. ಬೇರೆ ದೇಶದಲ್ಲಿ. ಅದಕ್ಕೇ ನಿನ್ನ ಹೆಸ್ರು ತೆಗೆದ್ರು.”

ಅವಳು ಕುಕ್ಕರಗಾಲಲ್ಲಿ ಕೂತು ಮಗಳ ತಲೆಯ ಮಣ್ಣು ಕೊಡವತೊಡಗಿದಳು. ಕೊಡವುತ್ತಲೇ ಕೇಳಿದಳು: “ನೀ ಇದನ್ನ ಓದಿ ಎಷ್ಟು ದಿವ್ಸ ಆತು?”

“ಐದು ತಿಂಗಳು” ಎಂದೆ.

ದೇವಕ್ಕ ಮಗಳನ್ನು ತಿರುಗಿಸಿ ನಿಲ್ಲಿಸಿದಳು, ನಾನು ಅದಕ್ಕೆ ಕಾಣದ ಹಾಗೆ.