ಯಜಮಾನರ ಒಲೆ

ಹೆಣದ ವ್ಯಾನಿನ ಮೆಟ್ಟಿಲ ಮೇಲೆ ಊರ್ಮಿಳಾ ಆಗಲೇ ಒಂದು ಕಾಲಿಟ್ಟಿದ್ದಳು. ಮೈದುನ ರಮೇಶ್ ಬಾಗಿಲಿಗೆ ಅಡ್ಡ ನಿಂತ.

“ಅತ್ತಿಗೆ, ನಮ್ಮಲ್ಲಿ ಹೆಂಗಸರು ಅಲ್ಲಿಗೆಲ್ಲ ಬರೋದಿಲ್ಲ. ನೀವು ಮನೇಲಿರಿ.”

“ನಿಮ್ಮಣ್ಣನೇ ಬಾ ಅಂದಿದಾರೆ. ದಾರಿ ಬಿಡು.”

ಗಂಡ ಸತ್ತು ಇನ್ನೂ ಅರ್ಧ ದಿನವಾಗಿಲ್ಲ, ಇವಳ ಹಟ ನೋಡಿ ಎಂದು ನೆಂಟರೆಲ್ಲ ಮುಖ ಮುಖ ನೋಡಿಕೊಂಡರು. ನೋಡಿಕೊಳ್ಳಲಿ. ಆಸ್ಪತ್ರೆಯಲ್ಲಿ ತಿರುಮಲ ಅವಳ ಕೈ ಹಿಡಿದು ಕೊನೆಗೆ ಕೇಳಿದ್ದು ಅದೊಂದೇ: ನನ್ನನ್ನು ನನ್ನ ಒಲೆಯಲ್ಲೇ ಸುಡಿಸು, ನೀನೂ ಬಾ, ಅದರ ಬಾಗಿಲನ್ನು ನಿನ್ನೆದುರಿಗೇ ತೆಗೆಸು. ಇಷ್ಟು ವರ್ಷದ ಸಂಸಾರದಲ್ಲಿ ತನಗೆಂದು ಏನನ್ನೂ ಕೇಳದ ಮನುಷ್ಯ. ಇದೊಂದನ್ನೂ ನಡೆಸಿಕೊಡದಿದ್ದರೆ ತಾನೆಂಥ ಹೆಂಡತಿ?

ತಿರುಮಲನ ಜೊತೆ ಕೆಲಸ ಮಾಡಿದ ಕಮಲಾಕರ ಬೆಳಗಿನಿಂದ ಒಂದೇ ಸಮ ಗೊಣಗುತ್ತಿದ್ದ. ನುಂಗಂಬಾಕ್ಕಂನ ಮನೆಯಿಂದ ಅಷ್ಟು ದೂರ ಯಾಕೆ, ಬಿಸಿಲು ಬೇರೆ, ಹತ್ತಿರದಲ್ಲೇ ಕರೆಂಟಿನ ಚಿತಾಗಾರವಿದೆ, ಅಲ್ಲೇ ಮುಗಿಸೋಣ ಅಂತ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ವ್ಯಾನು ಊರಂಚಿನ ಮಾಧವರಂ ದಿಕ್ಕಿಗೆ ಹೊರಟಿತು.

*

ಸರ್ಕಾರದ ದುಡ್ಡಿನಲ್ಲಿ ನಡೆಯುವ ಸಂಶೋಧನಾ ಸಂಸ್ಥೆಯಲ್ಲಿ ತಿರುಮಲ ಎಂಜಿನಿಯರ್. ತೆಂಗಿನ ಚಿಪ್ಪಿನಿಂದ ಗ್ಯಾಸ್ ತೆಗೆದು ಹೆಣ ಸುಡುವ ಒಲೆಯೊಂದನ್ನು ಮಾಡಿದ್ದ. ಕಟ್ಟಿಗೆ ಬೇಡ, ಹೊಗೆ ಇಲ್ಲ. ತೊಂಬತ್ತೆಂಟರಲ್ಲಿ ಅದನ್ನು ಮಾಧವರಂ ಆಚೆಯ ಸುಡುಗಾಡಿನಲ್ಲಿ ಕಟ್ಟಿದರು, ಮಂತ್ರಿಗಳು ಬಂದು ರಿಬ್ಬನ್ ಕತ್ತರಿಸಿದರು. ಊರ್ಮಿಳಾ ನೋಡಿದ್ದು ಪೇಪರಿನಲ್ಲಿ ಬಂದ ಫೋಟೋ ಅಷ್ಟೇ. ಆದರೂ ಕನ್ನಡ ಸಂಘದಲ್ಲಿ ಸಿಕ್ಕವರಿಗೆಲ್ಲ ‘ನಮ್ಮ ಯಜಮಾನರ ಒಲೆ’ ಎಂದು ಡಂಗುರ ಸಾರಿದ್ದೇ ಸಾರಿದ್ದು. ಆಗೆಲ್ಲ ಗಂಡ ತಲೆ ತಗ್ಗಿಸಿ ಕಾಫಿ ಕುಡಿಯುತ್ತಿದ್ದ. ಸಂಕೋಚದ ಸ್ವಭಾವ ಎಂದುಕೊಂಡಿದ್ದಳು.

ಒಂದು ಬೇಸಿಗೆಯಲ್ಲಿ, ಕೊಟ್ಟ ಹಣ ಏನಾಯಿತು ಎಂದು ನೋಡಲು ದೆಹಲಿಯಿಂದ ಸಮಿತಿ ಬಂತು. ಸುಡುಗಾಡಿಗೆ ಹೋಗಿ ಬರುವವನಿಗೆ ತಲೆಗೆ ಸ್ನಾನ ಆಗಬೇಕಲ್ಲ. ಊರೆಲ್ಲ ನೀರಿನ ಲಾರಿಗೆ ಬಾಯಿ ಬಿಡುತ್ತಿದ್ದ ಆ ದಿನಗಳಲ್ಲೂ ಅವಳು ಬಚ್ಚಲಲ್ಲಿ ಎರಡು ಕೊಡ ಎತ್ತಿಟ್ಟಿದ್ದಳು.

“ಸ್ನಾನ ಬೇಡ ಕಣೆ,” ಎಂದ ತಿರುಮಲ. “ಯಾರೂ ಒಳಗೆ ಹೋಗ್ಲಿಲ್ಲ. ಕಾಲಿಟ್ರೆ ಸ್ನಾನ ಮಾಡ್ಬೇಕು, ವಿಮಾನಕ್ಕೆ ಹೊತ್ತಾಗುತ್ತೆ ಅಂದ್ರು. ಗೇಟಲ್ಲೇ ನಿಂತು ಚಿಮಣಿ ನೋಡಿ, ಚೆನ್ನಾಗಿದೆ ಅಂತ ಬರ್ಕೊಂಡು ಹೋದ್ರು.”

“ಒಳ್ಳೇದೇ ಆಯ್ತಲ್ಲ ಬಿಡಿ,” ಎಂದಿದ್ದಳು. ಅವತ್ತು ಅವನಿಗೆ ಊಟ ಸೇರಲಿಲ್ಲ.

*

ಸುಡುಗಾಡಿನ ಗೇಟಿನಲ್ಲಿ ವ್ಯಾನು ನಿಂತಾಗ ಕಮಲಾಕರ ಅವಳನ್ನು ಪಕ್ಕಕ್ಕೆ ಕರೆದ. ಮುಖ ಬೆವರಿನಲ್ಲಿ ತೊಯ್ದುಹೋಗಿತ್ತು.

“ಊರ್ಮಿಳಾ ಅವರೇ, ಅದು ಉರಿಯೋದಿಲ್ಲ. ಮಂತ್ರಿ ಬಂದು ಹೋದ ವಾರವೇ ಕೆಟ್ಟಿತು. ಅದರಲ್ಲಿ ಒಂದು ಹೆಣಾನೂ ಸುಟ್ಟಿಲ್ಲ.”

ಕಮಲಾಕರ ನಿಲ್ಲಿಸಲಿಲ್ಲ. ತಿರುಮಲ ಮೇಲಿನವರಿಗೆ ಹೇಳಿದನಂತೆ. ಮಂತ್ರಿ ಹೆಸರಿನ ಕಲ್ಲು ನೆಟ್ಟಾಗಿದೆ, ಮುಂದಿನ ಗ್ರಾಂಟ್ ಬರಬೇಕು, ಸುಮ್ಮನಿರಿ ಎಂದರಂತೆ. ವರ್ಷ ವರ್ಷವೂ ‘ಚೆನ್ನಾಗಿ ನಡೆಯುತ್ತಿದೆ’ ಎಂಬ ವರದಿಗೆ ಇಬ್ಬರೂ ಸೈನ್ ಹಾಕಿದರಂತೆ.

“ಕೇಳೋರು ಯಾರು ಹೇಳಿ? ಸತ್ತವರು ಬಂದು ಕಂಪ್ಲೇಂಟ್ ಕೊಡ್ತಾರಾ?” ಎಂದ. ಆಮೇಲೆ ದನಿ ತಗ್ಗಿಸಿದ. “ಈಗಲೂ ತಿರುಗಿ ಹೋಗೋಣ. ನೆಂಟರಿಗೆ ಏನಾದರೂ ಹೇಳಿದರಾಯ್ತು. ಅವರ ಹೆಸರು ಉಳಿಯುತ್ತೆ.”

ಊರ್ಮಿಳಾ ವ್ಯಾನಿನ ಕಡೆ ತಿರುಗಿದಳು. ಕಟ್ಟಿಕೊಂಡ ಹೆಂಡತಿಗೆ ಒಂದು ಮಾತು ಹೇಳಬಾರದಿತ್ತೇ? ತಾನು ಊರೆಲ್ಲ ಹೊಗಳಿಕೊಂಡು ತಿರುಗುವಾಗ ಕೂತು ಕೇಳಿದನಲ್ಲ! ಮರುಗಳಿಗೆಯೇ ಆಸ್ಪತ್ರೆಯಲ್ಲಿ ತನ್ನ ಕೈ ಹಿಡಿದಿದ್ದ ಆ ತಣ್ಣನೆಯ ಬೆರಳುಗಳು ನೆನಪಾದವು. ಬಾಯಲ್ಲಿ ಹೇಳಲಾರದ್ದನ್ನೇ ಅವನು ಬಾಗಿಲು ತೆಗೆಸಿ ನೋಡು ಎಂದಿದ್ದ. ಅಯ್ಯೋ, ಇಷ್ಟು ವರ್ಷ ಒಬ್ಬನೇ ಹೊತ್ತನಲ್ಲ ಎಂದು ಕಣ್ಣು ತುಂಬಿ ಬಂತು.

ಹಿಂದೆ ರಮೇಶ್, ನೆಂಟರು, ಸಂಸ್ಥೆಯಿಂದ ಹಾರ ತಂದವರು, ಎಲ್ಲರೂ ಕಾಯುತ್ತಿದ್ದರು. ಅವಳು ಗೇಟು ದಾಟಿ ಒಳಗೆ ನಡೆದಳು.

“ಬಾಗಿಲು ತೆಗೆಸಿ, ಕಮಲಾಕರ್. ಎಲ್ಲರೂ ನೋಡಲಿ.”

ಸುಡುಗಾಡು ಕಾಯುವ ಮುರುಗೇಶನ್ ಬೀಗ ತೆಗೆದು ಕಬ್ಬಿಣದ ಬಾಗಿಲನ್ನು ಜಗ್ಗಿದ. ಒಳಗೆ ತಳದಿಂದ ಮೇಲಿನವರೆಗೆ ಸೌದೆ ಒಟ್ಟಿತ್ತು. ಮಳೆಗೆ ನೆನೆಯದ ಜಾಗ ಇಲ್ಲಿ ಇದೊಂದೇ ಅಮ್ಮಾ ಎಂದು ಅವನು ತಮಿಳಿನಲ್ಲಿ ನಾಚಿಕೊಂಡು ಹೇಳಿದ. ಸಂಸ್ಥೆಯವರು ಹಾರ ಹಿಡಿದುಕೊಂಡು ನೆಲ ನೋಡಿದರು. ರಮೇಶ್ ಒಲೆಯನ್ನೊಮ್ಮೆ, ಅತ್ತಿಗೆಯ ಮುಖವನ್ನೊಮ್ಮೆ ನೋಡಿದ.

ಕೊನೆಗೆ ಕಮಲಾಕರನೇ ಬಗ್ಗಿ ಒಂದು ಸೌದೆ ಎಳೆದು ಬಯಲಲ್ಲಿ ಚಿತೆ ಒಟ್ಟುವ ಕಟ್ಟೆಯ ಕಡೆ ಹೊತ್ತುಕೊಂಡು ಹೋದ. ರಮೇಶ್ ಒಂದು ಎಳೆದ.

ಊರ್ಮಿಳಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಲೆಯ ಬಾಯಿಗೆ ಕೈ ಹಾಕಿದಳು. ಒಳಗಿನ ಇಟ್ಟಿಗೆಗೆ ತೋಳು ಉಜ್ಜುವ ಹಾಗೆ ಒಂದು ದಪ್ಪ ಕೊರಡನ್ನು ಹೊರಗೆಳೆದಳು. ತೋಳೆಲ್ಲ ಧೂಳಾಯಿತು. ಮಸಿ ಎಲ್ಲೂ ಹತ್ತಲಿಲ್ಲ.