ಮಾರಪ್ಪನ ಎಡ ಹೆಬ್ಬೆಟ್ಟು

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನಾನು ಬರೆದ ಒಂದು ವರದಿ ಇದೆ. ನೀಲಿ ರಟ್ಟು, ಎಂಬತ್ತು ಪುಟ. ಎಂಸಿಎ ಕೊನೆಯ ಸೆಮಿಸ್ಟರಿನಲ್ಲಿ, 2001ರಲ್ಲಿ ಬರೆದದ್ದು. ಅದರ ನಲವತ್ತೇಳನೆಯ ಪುಟದಲ್ಲಿ ಒಂದು ಸುಳ್ಳಿದೆ.

ಆಗ ಪಹಣಿಗಳೆಲ್ಲ ಕೈಬರಹದ ಪುಸ್ತಕದಿಂದ ಕಂಪ್ಯೂಟರಿಗೆ ಬರುತ್ತಿದ್ದವು. ಭದ್ರಾವತಿ ಕಡೆಯ ಒಂದು ಸರ್ಕಾರಿ ಕಚೇರಿಯಲ್ಲಿ ನನ್ನ ಪ್ರಾಜೆಕ್ಟ್. ಪಾಸ್‌ವರ್ಡ್ ಆದರೆ ಒಬ್ಬರದು ಇನ್ನೊಬ್ಬರಿಗೆ ಗೊತ್ತಾಗುತ್ತದೆ, ಹೆಬ್ಬೆರಳಿನ ಗುರುತಾದರೆ ದಾಖಲೆ ತಿದ್ದಿದವರು ಮುಂದೆ ಅಲ್ಲಗಳೆಯುವಂತಿಲ್ಲ ಎಂಬುದು ನನ್ನ ವಾದ. ನೌಕರರ ಗುರುತನ್ನು ಯಂತ್ರಕ್ಕೆ ಸೇರಿಸುವ ಕೆಲಸವೂ ನನ್ನದೇ. ಹನ್ನೊಂದು ಜನ. ಹತ್ತು ಜನರದ್ದು ಮಧ್ಯಾಹ್ನದೊಳಗೆ ಮುಗಿಯಿತು.

ಹನ್ನೊಂದನೆಯವನು ಧರ್ಮೇಂದ್ರ, ಗ್ರಾಮ ಲೆಕ್ಕಿಗ. ಹೊಳೆಹೊನ್ನೂರಿನವನು. ಕೂಲಿಗೆ ಅಡಿಕೆ ಸುಲಿದು ಓದಿದವನು. ಕೆಲಸ ಸಿಕ್ಕಿದ ಮೇಲೂ ಸುಗ್ಗಿಯಲ್ಲಿ ಸಂಜೆ ತಾಯಿಯ ಜೊತೆ ಕೂತು ಸುಲಿಯುತ್ತಿದ್ದ. ಅಡಿಕೆಯ ಚೊಗರು ಹತ್ತಿ ಬೆರಳ ತುದಿ ಕಪ್ಪಾಗಿ, ಗೆರೆಗಳೆಲ್ಲ ಸವೆದುಹೋಗಿದ್ದವು. ಎಂಟು ಸಲ ಬೆರಳಿಟ್ಟ. ಎಂಟು ಸಲವೂ ಕೆಂಪು ದೀಪ.

“ಬೂದಿ ಹಾಕಿ ತಿಕ್ಕೊಂಡು ಬರ್ಲಾ ಮೇಡಂ?” ಎಂದ.

“ಡಿಗ್ರಿ ಓದಿರೋ ಮನುಷ್ಯಂಗೆ ಹೆಬ್ಬೆಟ್ಟೇ ಇಲ್ಲ ನೋಡ್ರಪ್ಪ!” ಗುಮಾಸ್ತ ಮಾರಪ್ಪ ನಕ್ಕ. “ನಮ್ಮಜ್ಜಂಗೆ ಅದೊಂದೇ ಇತ್ತು.”

ಮರುದಿನ ಉದ್ಘಾಟನೆ. ವರದಿಯನ್ನು ಅದೇ ವಾರ ಸಲ್ಲಿಸಬೇಕಿತ್ತು. ಒಬ್ಬ ನೌಕರ ಹೊರಗುಳಿದರೂ ಪ್ರಯೋಗ ಸೋತಂತೆ ಎಂದು ನಮ್ಮ ಗೈಡ್ ಶಿವಯೋಗಪ್ಪ ಸರ್ ಹೇಳಿ ಕಳಿಸಿದ್ದರು.

“ಅದಕ್ಯಾಕೆ ಇಷ್ಟು ತಲೆಬಿಸಿ ಮಾರಾಯ್ತಿ? ಬಲಗೈದು ನನ್ನ ಹೆಸರಿಗಾಯ್ತು. ಎಡಗೈದು ಸುಮ್ನೆ ಕೂತಿದೆ. ಧರ್ಮಣ್ಣನ ಹೆಸರಿಗೆ ಹಾಕ್ಕೊಳ್ಳಿ.” ಮಾರಪ್ಪ ಎಡ ಹೆಬ್ಬೆಟ್ಟನ್ನು ಗಾಜಿನ ಮೇಲಿಟ್ಟ. ಹಸಿರು ದೀಪ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ನಕ್ಕೆ. ಸುಗ್ಗಿ ಮುಗಿದು ಬೆರಳು ಸರಿಹೋದ ಮೇಲೆ ಬದಲಿಸಿದರಾಯಿತು ಎಂದುಕೊಂಡೆ. ನಲವತ್ತೇಳನೆಯ ಪುಟದಲ್ಲಿ ಬರೆದೆ: ನೋಂದಣಿ ನೂರಕ್ಕೆ ನೂರು.

ಆಮೇಲೆ ಯಾರೂ ಬದಲಿಸಲಿಲ್ಲ. ದಿನಾ ಬೆಳಿಗ್ಗೆ ಮಾರಪ್ಪ ಬಲಗೈಯಿಂದ ತನ್ನ ಖಾತೆ, ಎಡಗೈಯಿಂದ ಧರ್ಮೇಂದ್ರನ ಖಾತೆ ತೆರೆಯುತ್ತಿದ್ದ. ಪಕ್ಕದವರಿಗೆ ಪೆನ್ನು ಕೊಟ್ಟಷ್ಟೇ ಸಹಜವಾಗಿತ್ತು ಅದು. ಎರಡು ವರ್ಷದ ನಂತರ ನಾನು ಧರ್ಮೇಂದ್ರನನ್ನು ಮದುವೆಯಾದೆ. ಮದುವೆಗೆ ಬಂದ ಮಾರಪ್ಪ, “ಹೆಬ್ಬೆಟ್ಟು ಕೊಟ್ಟೋನು ನಾನು, ಹುಡುಗಿ ಸಿಕ್ಕಿದ್ದು ಇವ್ನಿಗೆ” ಎಂದು ಊಟದ ಪಂಕ್ತಿಯನ್ನೆಲ್ಲ ನಗಿಸಿದ. ಅಷ್ಟರಲ್ಲಿ ನಾನು ಅದೇ ವರದಿಯನ್ನು ಮುಂದುವರಿಸಿ ಪಿಎಚ್‌ಡಿಗೆ ಸೇರಿದ್ದೆ.

2006ರ ಜೂನ್‌ನಲ್ಲಿ ಒಬ್ಬ ಮುದುಕಿಯ ಎರಡು ಎಕರೆ ಗದ್ದೆ ಕಂಪ್ಯೂಟರಿನಲ್ಲಿ ಬೇರೆಯವರ ಹೆಸರಿಗೆ ಹೋಯಿತು. ತಿದ್ದಿದ್ದು ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ, ಧರ್ಮೇಂದ್ರನ ಹೆಬ್ಬೆರಳಿನಿಂದ. ಆ ಹೊತ್ತಿನಲ್ಲಿ ಅವನು ಹಳ್ಳಿಯಲ್ಲಿ ಬೆಳೆ ನೋಡುತ್ತಿದ್ದ. ತನ್ನ ದಿನಚರಿ ತೋರಿಸಿದ. ದಿನಚರಿಯನ್ನು ಯಾವಾಗ ಬೇಕಾದರೂ ಬರೆದುಕೊಳ್ಳಬಹುದು, ಬೆರಳನ್ನು ಹಾಗಲ್ಲ ಎಂದರು. ಅಮಾನತು ಮಾಡಿ ದೋಷಾರೋಪಣೆ ಪಟ್ಟಿ ಕಳಿಸಿದರು. ಅದಕ್ಕೆ ಲಗತ್ತಿಸಿದ ದಾಖಲೆಗಳಲ್ಲಿ ಮೂರನೆಯದು ನನ್ನ ವರದಿಯ ನಲವತ್ತೇಳನೆಯ ಪುಟ.

“ನಾನೇ ಹೋಗಿ ನಿಜ ಹೇಳ್ತೀನಿ,” ಎಂದೆ.

“ಹೇಳಿದ್ರೆ ನಿನ್ ಪಿಎಚ್‌ಡಿ ಹೋಗುತ್ತೆ. ಇಬ್ರೂ ಮನೇಲಿ ಕೂತ್ಕೋಬೇಕಾ? ಥೀಸಿಸ್ ಕೊಟ್ಬಿಡು. ಆಮೇಲೆ ಹೇಳೋಣ,” ಎಂದ ಧರ್ಮೇಂದ್ರ.

ಥೀಸಿಸ್ ಸಲ್ಲಿಸಲು ಮೂರು ತಿಂಗಳಿತ್ತು. ನಾನು ಒಪ್ಪಿದೆ.

ಸೆಪ್ಟೆಂಬರಿನಲ್ಲಿ, ಮೊದಲ ವಿಚಾರಣೆಯ ಮುನ್ನಾದಿನ, ಧರ್ಮೇಂದ್ರ ಭದ್ರಾ ನಾಲೆಯಲ್ಲಿ ಸಿಕ್ಕ. ಕಾಲು ಜಾರಿದ್ದು ಎಂದು ಪೊಲೀಸರು ಬರೆದುಕೊಂಡರು. ನಾನು ಅದಕ್ಕೂ ಸಹಿ ಹಾಕಿದೆ.

ತಿಂಗಳು ಕಳೆದ ಮೇಲೆ ನಡೆದದ್ದನ್ನೆಲ್ಲ ಎರಡು ಪುಟದಲ್ಲಿ ಬರೆದುಕೊಂಡು ಶಿವಮೊಗ್ಗಕ್ಕೆ ಹೋದೆ. ವಿಚಾರಣಾಧಿಕಾರಿ ನಾಗಯ್ಯ ಎರಡನ್ನೂ ಓದಿದರು. ಒಳ್ಳೆಯ ಮನುಷ್ಯ. ಟೀ ತರಿಸಿದರು.

“ಸತ್ತೋರ ಮೇಲೆ ಇಲಾಖಾ ವಿಚಾರಣೆ ಇರಲ್ಲಮ್ಮ. ಕೈಬಿಟ್ಟು ಆಗಲೇ ಆದೇಶ ಆಗಿದೆ.”

“ಅಂದ್ರೆ ಅವರದ್ದು ತಪ್ಪಿಲ್ಲ ಅಂತಾನಾ ಸರ್?”

“ಹಾಗಂತ ಬರೆಯಕ್ಕೆ ಬರಲ್ಲ. ತಪ್ಪಿದೆ ಅಂತಾನೂ ಬರೆದಿಲ್ಲ. ಕೈಬಿಟ್ಟಿದೆ, ಅಷ್ಟೆ.”

“ಯಂತ್ರದಲ್ಲಿ ಅವರ ಹೆಸರಿನ ಗುರುತು ಇದೆಯಲ್ಲ ಸರ್. ಮಾರಪ್ಪನ ಎಡಗೈ ಇಡಿಸಿ ನೋಡಿ. ಒಂದು ನಿಮಿಷದ ಕೆಲಸ.”

ಅವರು ಫೋನ್ ಮಾಡಿದರು. ಬಹಳ ಹೊತ್ತು ಕೇಳಿಸಿಕೊಂಡು ಇಟ್ಟರು.

“ಅಳಿಸಿದಾರಂತೆ. ನೌಕರ ತೀರ್ಕೊಂಡ್ರೆ ಏಳು ದಿನದೊಳಗೆ ಗುರುತು ಅಳಿಸ್ಬೇಕು ಅಂತ ನಿಯಮವಂತೆ.”

ಆ ನಿಯಮ ನನ್ನ ವರದಿಯ ಐವತ್ತೆರಡನೆಯ ಪುಟದಲ್ಲಿದೆ. ನಾನು ಕೊಟ್ಟ ಹದಿನಾಲ್ಕು ಸಲಹೆಗಳಲ್ಲಿ ಕಚೇರಿ ತಪ್ಪದೆ ಪಾಲಿಸಿದ್ದು ಅದೊಂದನ್ನೇ.

“ಕಚೇರಿಯವರಿಗೆಲ್ಲ ಗೊತ್ತು ಸರ್, ಕೇಳಿ.”

“ಅಮಾನತು ಮಾಡೋವಾಗ್ಲೇ ಕೇಳಿದ್ವಿ, ಅವರ ಖಾತೆ ಬೇರೆ ಯಾರಾದ್ರೂ ತೆಗೀತಿದ್ರಾ ಅಂತ. ಹತ್ತೂ ಜನ ಗಮನಕ್ಕೆ ಬಂದಿಲ್ಲ ಅಂತ ಬರ್ಕೊಟ್ಟಿದಾರೆ.” ನನ್ನ ಎರಡು ಪುಟಗಳನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು. “ಗಂಡನ ಪರ ಹೇಳೋದು ಸಹಜ ಅಮ್ಮ. ಆದ್ರೆ ಅವತ್ತು ನೀವೇ ಬರ್ದಿದೀರಲ್ಲ, ನೂರಕ್ಕೆ ನೂರು ಅಂತ. ಆಗ ನೀವು ಅವರ ಹೆಂಡ್ತಿ ಆಗಿರ್ಲಿಲ್ಲ. ಯಾರೇ ಆದ್ರೂ ಅದನ್ನೇ ನಂಬ್ತಾರೆ.”

ಪುಟಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ. ಟೀ ಕುಡಿದು ಎದ್ದೆ.

ಸಂಜೆ ಹೊಳೆಹೊನ್ನೂರಿಗೆ ಹೋದೆ. ಅತ್ತೆ ದುರ್ಗಮ್ಮ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ಆ ವರ್ಷದ ಸುಗ್ಗಿ ಶುರುವಾಗಿತ್ತು.

“ಏನಂದ್ರು? ನನ್ ಮಗ ಮಾಡಿಲ್ಲ ಅಂತ ಬರ್ಕೊಟ್ರಾ?”

“ಇಲ್ಲ ಅತ್ತೆ. ಫೈಲು ಮುಚ್ಚಿದಾರೆ.”

“ಅವ್ನೇ ಮಾಡ್ದ ಅಂತ ಮುಚ್ಚಿದ್ರಾ?”

“ಹಾಗೂ ಇಲ್ಲ.”

“ಮತ್ತೆ ಕೇಳ್ದೋರಿಗೆ ನಾನೇನ್ ಹೇಳ್ಲಿ? ನಲ್ಲಿ ಹತ್ರ ಹೋದ್ರೆ ಮಾತು ನಿಲ್ಲಿಸ್ತಾರೆ.”

ಆಗ ಹೇಳಿದೆ. ಯಂತ್ರ ಅವನ ಬೆರಳು ಹಿಡಿಯದಿದ್ದದ್ದು, ಮಾರಪ್ಪ ಎಡ ಹೆಬ್ಬೆಟ್ಟು ಇಟ್ಟದ್ದು, ನಾನು ಬರೆದದ್ದು, ಆಮೇಲೆ ಸುಮ್ಮನಿದ್ದದ್ದು. ಅವರು ಕೇಳುತ್ತಲೇ ನಾಲ್ಕೈದು ಅಡಿಕೆ ಸುಲಿದರು.

“ಅವಂಗೆ ಇದೆಲ್ಲ ಗೊತ್ತಿತ್ತಾ?”

“ಗೊತ್ತಿತ್ತು. ಓದು ಮುಗಿಸು, ಆಮೇಲೆ ಹೇಳೋಣ ಅಂದ್ರು.”

“ಮುಗೀತಾ?”

“ಇಲ್ಲ.”

ಅತ್ತೆ ತಮ್ಮ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡರು. ಹತ್ತು ಬೆರಳೂ ಕಪ್ಪಾಗಿದ್ದವು.

“ಈಗ ನಂಗ್ಯಾಕೆ ಹೇಳ್ತೀಯ? ನಾನು ಯಾರಿಗೆ ಹೇಳ್ಲಿ ಇದನ್ನ?” ಎಂದು ಮುಂದಿನ ಅಡಿಕೆ ತೆಗೆದುಕೊಂಡರು.