ಹಿಂದಿನ ಗಾಜಿನ ಚುಕ್ಕಿಗಳು

ನಿವೃತ್ತ ಗಣಿತ ಮೇಷ್ಟರು ಅರವತ್ನಾಲ್ಕನೆಯ ವಯಸ್ಸಿನಲ್ಲಿ ಕಾರು ಕಲಿಯಲು ಹೊರಟರು. ಜೀವಮಾನವೆಲ್ಲ ಬೇರೆಯವರ ತಪ್ಪು ಎಣಿಸಿದ ಮನುಷ್ಯ. ತಾನು ತಪ್ಪು ಮಾಡುವುದನ್ನು ಯಾರೂ ನೋಡಬಾರದು ಎಂಬುದು ಅವರ ಹಟ. ಹಾಗಾಗಿ ಹಳೆಯ ಕಾರೊಂದನ್ನು ಕೊಂಡ ಮಾರನೆಯ ದಿನವೇ ಅದನ್ನು ಅಳಿಯನ ಅಂಗಡಿಗೆ ತರಿಸಿದರು.

ಅಳಿಯನದು ಕಾರಿನ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವ ಕಸುಬು. ಊರಿನ ಅರ್ಧ ಕಾರುಗಳು ಕಪ್ಪಾದದ್ದು ಅವನ ಕೈಯಲ್ಲೇ. ಆದರೆ ಮದುವೆಯಾಗಿ ಹನ್ನೊಂದು ವರ್ಷವಾದರೂ ಮಾವನ ಬಾಯಿಂದ "ಚೆನ್ನಾಗಿದೆ" ಎಂಬ ಮಾತು ಒಮ್ಮೆಯೂ ಉದುರಿರಲಿಲ್ಲ. ಮೇಷ್ಟರು ಮೊಸರಲ್ಲಿ ಕಲ್ಲು ಹುಡುಕುವವರು. ಕಲ್ಲು ಸಿಗದಿದ್ದರೆ ಮೊಸರೇ ಸರಿಯಿಲ್ಲ ಎನ್ನುವವರು. ಈ ಕಾರಿನಿಂದಲಾದರೂ ಆ ಒಂದು ಮಾತನ್ನು ಗಿಟ್ಟಿಸಿಕೊಳ್ಳಬೇಕೆಂದು ಅಳಿಯ ಪಣ ತೊಟ್ಟ.

"ಪೂರ್ತಿ ಕಪ್ಪು ಹಾಕಪ್ಪಾ. ಒಳಗೆ ಮನುಷ್ಯ ಇದ್ದಾನೋ ಮೂಟೆ ಇದೆಯೋ ಗೊತ್ತಾಗಬಾರದು," ಎಂದರು ಮಾವ.

ಹೊಸದಾಗಿ ಓಡಿಸುವವರ ಹಿಂದಿನ ಗಾಜಿಗೆ ಕಡುಕಪ್ಪು ಹಾಕುವುದಿಲ್ಲ ಎಂಬುದು ಅಂಗಡಿಯ ನೇಮ. ಎಂಥೆಂಥ ಗಿರಾಕಿಗಳು ಗದರಿದರೂ ಅಳಿಯ ಅದನ್ನು ಮುರಿದವನಲ್ಲ.

"ಮಾವ, ಹಿಂದಿನ ಗಾಜಿಗೆ ಮಾತ್ರ ಸ್ವಲ್ಪ ತಿಳಿ..."

ಮಾವ ಕನ್ನಡಕದ ಮೇಲಿನಿಂದ ನೋಡಿದರು. ನೇಮ ಗಂಟಲಲ್ಲೇ ಕರಗಿಹೋಯಿತು.

ಬಾಗಿಲಿನ ನಾಲ್ಕು ಗಾಜುಗಳ ಕೆಲಸ ನೀರು ಕುಡಿದಷ್ಟು ಸಲೀಸಾಗಿ ಮುಗಿಯಿತು. ಕಿತಾಪತಿ ಇದ್ದದ್ದು ಹಿಂದಿನ ಗಾಜಿನ ಅಂಚಿನಲ್ಲಿ. ಅಲ್ಲಿ ಸುತ್ತಲೂ ಕಪ್ಪು ಚುಕ್ಕಿಗಳ ಪಟ್ಟಿ. ಗಾಜಿಗೆ ಸುಟ್ಟು ಹಿಡಿಸಿದ ಬಣ್ಣ, ಮುಟ್ಟಿದರೆ ಬೆರಳಿಗೆ ಉಬ್ಬು ತಾಗುತ್ತದೆ. ಫಿಲ್ಮ್ ಆ ಉಬ್ಬುಗಳ ನೆತ್ತಿಯ ಮೇಲೆ ಕೂರುತ್ತದೆಯೇ ಹೊರತು ನಡುವಿನ ಗಾಜಿಗೆ ಇಳಿಯುವುದಿಲ್ಲ. ಗಾಳಿ ಒಳಗೇ ಉಳಿದು ಹೊರಗಿನವರಿಗೆ ಬೂದು ಗೀಟಾಗಿ ಕಾಣುತ್ತದೆ. ಬೇರೆ ಗಿರಾಕಿಗಳಿಗಾದರೆ "ಅದು ಇರೋದೇ ಹಾಗೆ ಸಾರ್" ಎಂದು ಹೇಳಿ ಕೈ ತೊಳೆದುಕೊಳ್ಳುತ್ತಿದ್ದ.

ಅಂಟಿಸಿ ಮುಗಿಸಿದ್ದೇ ತಡ, ಮಾವ ಮೂಗನ್ನು ಗಾಜಿಗೆ ತಾಗಿಸಿ ನೋಡಿದರು. "ಇದೇನಿದು, ಅಂಚೆಲ್ಲಾ ನರೆತುಹೋಗಿದೆ?"

"ಚುಕ್ಕಿ ಜಾಗ ಮಾವ. ಅಲ್ಲಿ ಅಂಟೋದು ಕಷ್ಟ."

"ಕಷ್ಟ ಅಂತ ನಾನು ಭಾಗಾಕಾರ ಹೇಳಿಕೊಡೋದು ಬಿಟ್ಟಿದ್ನಾ?"

ಅಳಿಯ ಫಿಲ್ಮ್ ಕಿತ್ತ. ನಯವಾದ ಉಪ್ಪುಕಾಗದದಿಂದ ಒಂದೊಂದೇ ಚುಕ್ಕಿಯ ಸೊಕ್ಕು ಇಳಿಸಿದ. ಸೋಪಿನ ನೀರು ಚಿಮುಕಿಸಿ ಹೊಸ ಫಿಲ್ಮ್ ಹಾಸಿದ, ರಬ್ಬರ್ ಪಟ್ಟಿಯಿಂದ ನೀರು ಹಿಂಡಿದ, ಅಂಚಿಗೆ ಬಿಸಿಗಾಳಿ ಊದಿದ. ಮೂರು ದಿನ ಬೇರೆ ಕಾರನ್ನು ಅಂಗಡಿಯೊಳಗೆ ಬಿಟ್ಟುಕೊಳ್ಳದೆ, ಬೆಳಿಗ್ಗೆ ಸಂಜೆ ಅದೇ ಅಂಚನ್ನು ಒತ್ತಿದ್ದೇ ಒತ್ತಿದ್ದು.

"ನನ್ನ ತಲೆನೋವಿಗೆ ಒಂದು ದಿನ ಹೀಗೆ ಹಣೆ ಒತ್ತಿದ್ರಾ?" ಎಂದಳು ಊಟ ತಂದ ಹೆಂಡತಿ. ಅವನಿಗೆ ಕೇಳಿಸಲಿಲ್ಲ.

ನಾಲ್ಕನೆಯ ದಿನ ಹೆಂಡತಿಯನ್ನೂ ಕೂರಿಸಿಕೊಂಡು ಕಾರನ್ನು ಮಾವನ ಮನೆಯ ಅಂಗಳಕ್ಕೆ ತಂದು ನಿಲ್ಲಿಸಿದ. ಬೂದು ಗೀಟು ಮಾಯವಾಗಿತ್ತು. ಮಾವ ಎರಡು ಸುತ್ತು ಬಂದರು, ಕಲ್ಲು ಸಿಗಲಿಲ್ಲ. "ನೋಡೋಣ, ಎಷ್ಟು ದಿನ ಇರುತ್ತೋ," ಎಂದು ಒಳಗೆ ಕೂತು ರಿವರ್ಸ್ ಗೇರ್ ಹಾಕಿದರು.

"ಹಿಂದೆ ಏನೂ ಕಾಣ್ತಿಲ್ಲವಲ್ಲಯ್ಯಾ!" ಎಂದು ಕೂಗಿದವರು, ಬ್ರೇಕ್ ಎಂದುಕೊಂಡು ಇನ್ನೊಂದನ್ನು ತುಳಿದರು. ಕಾರು ಗೇಟಿನ ಕಂಬಕ್ಕೆ ಧಡಾರನೆ ಬಡಿಯಿತು.

ಅಳಿಯ ಓಡಿದ. ಓಡಿದ್ದು ನೇರವಾಗಿ ಹಿಂದಿನ ಗಾಜಿಗೆ. ಗಾಜು ಸಾವಿರ ಚೂರಾಗಿತ್ತು, ಆದರೆ ಒಂದು ಹರಳೂ ಉದುರಿರಲಿಲ್ಲ. ಅಂಚಿನ ತನಕ ಫಿಲ್ಮ್ ಎಲ್ಲವನ್ನೂ ಕಚ್ಚಿ ಹಿಡಿದಿತ್ತು.

"ಅಂಟಿದೆ ಕಣೇ! ಚುಕ್ಕಿ ಮೇಲೂ ಅಂಟಿದೆ!" ಎಂದು ಕುಣಿದಾಡಿದ.

"ರೀ, ಅಪ್ಪ ಒಳಗಿದ್ದಾರೆ!" ಎಂದು ಹೆಂಡತಿ ಚೀರಿದಳು.

ಅವನು ಮುಂದಕ್ಕೆ ಧಾವಿಸಿದ. ಬಾಗಿಲು ತೆರೆದರೆ, ಮಾವ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದು ಕೂತಿದ್ದರು. ಎಲ್ಲೂ ಗಾಯವಿರಲಿಲ್ಲ. ಮೆಲ್ಲಗೆ ಹಿಂದಕ್ಕೆ ತಿರುಗಿ, ಹಾಗೇ ನಿಂತಿದ್ದ ಒಡೆದ ಗಾಜನ್ನು ನೋಡಿದರು. ಆಮೇಲೆ ಅಳಿಯನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡರು.

"ಒಂದು ಚೂರೂ ಮೈಮೇಲೆ ಬೀಳಲಿಲ್ಲ. ಚೆನ್ನಾಗಿ ಅಂಟಿಸಿದ್ದೀಯ ಕಣಪ್ಪಾ. ನಾನು ಬೇರೆಯವನ ಹತ್ತಿರ ಹೋಗಿದ್ರೆ ಗತಿ ಏನು?"

ಮಾವ ಬೇರೆ ಯಾರೋ ಗಿರಾಕಿಯಾಗಿದ್ದರೆ ತಾನು ತಿಳಿ ಫಿಲ್ಮನ್ನೇ ಹಾಕುತ್ತಿದ್ದೆ, ಕಂಬ ಕಾಣುತ್ತಿತ್ತು ಎಂಬುದು ಅಳಿಯನಿಗೆ ಚೆನ್ನಾಗಿ ಗೊತ್ತಿತ್ತು. ನಾಚಿಕೆಯಿಂದ ಕಿವಿಗಳು ಸುಟ್ಟವು. ಸತ್ಯ ನಾಲಿಗೆಯ ತುದಿಯ ತನಕ ಬಂದಿತ್ತು.

"ಎಲ್ಲಾ ನಿಮ್ಮ ಆಶೀರ್ವಾದ ಮಾವ," ಎಂದ.